ಗಾಡಿಗೊಂದು ಚಡ್ಡಿ

"ಸೊಂಟ ಹನ್ನೊಂದು!" ಗಾಡಿಯ ಅಡಿಯಿಂದ ಅಪ್ಪ ಕೂಗಿದ.

ಅಪ್ಪನ ಎರಡು ಕಾಲು ಮಾತ್ರ ಹೊರಗೆ ಕಾಣುತ್ತಿದ್ದವು. ಉಳಿದ ಅಪ್ಪನೆಲ್ಲ ಅಮ್ಮನ ಬೈಕಿನ ಕೆಳಗೆ ಅಂಗಾತ ಮಲಗಿದ್ದ. ಕೈಯಲ್ಲಿ ಬಟ್ಟೆ ಅಳೆಯುವ ಟೇಪು.

"ಬರ್ಕೊಂಡ್ಯಾ?"

ನಿಧಾನಿ ಬರೆದುಕೊಂಡಿರಲಿಲ್ಲ. ಪೆನ್ಸಿಲ್ಲಿನ ತುದಿ ಕಚ್ಚಿಕೊಂಡು, ನೆಲಕ್ಕೆ ಕೆನ್ನೆ ತಾಗಿಸಿ, ಇಂಜಿನ್ನಿನ ಹೊಟ್ಟೆಯನ್ನೇ ನೋಡುತ್ತಿದ್ದಳು. ಕೆಳಗಿನಿಂದ ನೋಡಿದರೆ ಅದು ಬೈಕಿನ ಹಾಗೆ ಕಾಣುತ್ತಲೇ ಇರಲಿಲ್ಲ. ಬಿಸಿಲಿಗೆ ಮೈಚಾಚಿ ನಿದ್ದೆ ಹೋದ ಯಾವುದೋ ದೊಡ್ಡ ಪ್ರಾಣಿಯ ಹಾಗಿತ್ತು. ಅದರ ಪಕ್ಕೆಲುಬುಗಳ ನಡುವೆ ಒಣಗಿದ ಕೆಸರು ಮೆತ್ತಿತ್ತು. ಅದು ಉಸಿರಾಡುತ್ತಿದೆಯೇನೋ ಅನ್ನಿಸಿ, ಅವಳೂ ಅದರ ಜೊತೆ ಮೆಲ್ಲಗೆ ಉಸಿರೆಳೆದುಕೊಂಡಳು.

"ಏ ನಿಧಾನಿ! ಎಲ್ಲಿಗೆ ಹೋದೆ?"

"ಇಲ್ಲೇ ಇದ್ದೀನಪ್ಪ. ಸೊಂಟ ಎಷ್ಟಂದೆ?"

"ಹನ್ನೊಂದು ಇಂಚು. ಉದ್ದ ಹದಿನೆಂಟು. ಮಡಿಸೋಕೆ ಅಂತ ಒಂದಿಂಚು ಜಾಸ್ತಿ ಬಿಡೋಣ. ಗಾಡಿಗೆ ಚಡ್ಡಿ ಹೊಲಿಯೋ ಟೈಲರ್ ಲೋಕದಲ್ಲಿ ನಾನೊಬ್ಬನೇ ಇರಬೇಕು!"

ಹೊಸಿಲ ಮೇಲೆ ಕೂತು ಟೀ ಕುಡಿಯುತ್ತಿದ್ದ ಅಮ್ಮ ನಕ್ಕಳು. "ಚಡ್ಡಿ ಅಲ್ಲ ಕಣ್ರೀ, ಇಂಜಿನ್ನಿಗೆ ಕಲ್ಲು ಬಡೀದೆ ಇರೋಕೆ ಹಾಕೋ ಸ್ಕಿಡ್ ಪ್ಲೇಟು."

"ನಿನಗೆ ಪ್ಲೇಟು, ನನಗೆ ಚಡ್ಡಿ. ಕೆಳಗಡೆ ಹಾಕೋದು ತಾನೇ?"

ಅಪ್ಪನ ಟೈಲರ್ ಅಂಗಡಿ ಇದ್ದದ್ದು ಮನೆಯ ಮುಂದಿನ ಕೋಣೆಯಲ್ಲೇ. ಅಂಗಿ, ಲಂಗ, ಯೂನಿಫಾರ್ಮು, ಕಿಟಕಿಯ ಪರದೆ, ಒಂದು ಸಲ ಪಕ್ಕದ ಮನೆಯ ನಾಯಿಗೆ ಚಳಿ ಅಂತ ಒಂದು ಕೋಟು, ಹೀಗೆ ಅಪ್ಪ ಹೊಲಿಯದ ವಸ್ತುವೇ ಇರಲಿಲ್ಲ. ಬೈಕಿನ ಅಳತೆ ತೆಗೆದದ್ದು ಮಾತ್ರ ಇದೇ ಮೊದಲು.

ನಿಧಾನಿ ಅನ್ನುವುದು ಅವಳ ಹೆಸರೇನಲ್ಲ. ಅವಳು ಹಲ್ಲುಜ್ಜಲು ಹೋದರೆ ನೀರಿನ ಹನಿ ನಲ್ಲಿಯಿಂದ ಹೇಗೆ ಕಳಚಿಕೊಳ್ಳುತ್ತದೆ ಎಂದು ನೋಡುತ್ತ ನಿಂತುಬಿಡುತ್ತಿದ್ದಳು. ಷೂ ಹಾಕಿಕೊಳ್ಳಲು ಕೂತರೆ ಒಂದು ಕಾಲಿಗೆ ಷೂ ಹಾಕಿ, ಇನ್ನೊಂದು ಕಾಲನ್ನು ಮರೆತೇ ಬಿಡುತ್ತಿದ್ದಳು. ಸ್ಕೂಲಿನಲ್ಲಿ ಟೀಚರ್ ಅವಳ ಡೆಸ್ಕಿನ ಮೇಲೆ ಬೆರಳಿನಿಂದ ಟಕಟಕ ಅಂತ ಬಡಿದು, "ಹೋಗಿದ್ದು ಸಾಕು, ವಾಪಸ್ ಬಾ ತಾಯಿ," ಅನ್ನುತ್ತಿದ್ದರು. ಹೀಗಾಗಿ ಮನೆಯವರ ಬಾಯಲ್ಲಿ ಅವಳು ನಿಧಾನಿ ಆಗಿಬಿಟ್ಟಿದ್ದಳು.

ಅಮ್ಮ ನರ್ಸು. ಬೆಟ್ಟದ ಮೇಲಿನ ಊರುಗಳಿಗೆ ಕಾರು ಹೋಗುವ ದಾರಿಯಿಲ್ಲ. ಔಷಧಿಯ ಬ್ಯಾಗನ್ನು ಸೀಟಿನ ಹಿಂದೆ ಬಿಗಿದು ಅಮ್ಮ ಬೈಕಿನಲ್ಲೇ ಹೋಗಿಬರುತ್ತಿದ್ದಳು. ನಿಧಾನಿ ಏಳುವ ಮೊದಲೇ ಹೊರಟುಬಿಡುತ್ತಿದ್ದಳು. ವಾಪಸ್ ಬರುವ ಹೊತ್ತಿಗೆ ಬೀದಿದೀಪ ಹತ್ತಿರುತ್ತಿತ್ತು. ಅಮ್ಮನ ಅಂಗಿ ಧೂಳಿನ ವಾಸನೆ ಹೊಡೆಯುತ್ತಿತ್ತು. ಊಟ ಮಾಡುತ್ತ ಮಾಡುತ್ತಲೇ ಅಮ್ಮನ ಕಣ್ಣು ಎಳೆಯುತ್ತಿತ್ತು.

ಹೋದ ತಿಂಗಳು ಆ ದಾರಿಯಲ್ಲಿ ಒಂದು ಕಲ್ಲು ಎಗರಿ ಇಂಜಿನ್ನಿನ ಹೊಟ್ಟೆಗೆ ಬಡಿಯಿತು. ಹೊಟ್ಟೆ ಬಿರುಕು ಬಿಟ್ಟು ಆಯಿಲ್ಲೆಲ್ಲ ಸೋರಿಹೋಯಿತು. ಫೋನಿಗೆ ಸಿಗ್ನಲ್ಲೂ ಇಲ್ಲ. ಆ ಸಂಜೆ ನಿಧಾನಿ ಕಿಟಕಿಯ ಕಂಬಿ ಹಿಡಿದು ನಿಂತವಳು ನಿಂತೇ ಇದ್ದಳು. ಬೀದಿಯಲ್ಲಿ ಯಾವ ಗಾಡಿ ಬಂದರೂ ಕತ್ತು ಚಾಚಿ ನೋಡುತ್ತಿದ್ದಳು. ಕೊನೆಗೆ ಗಾಡಿಯ ಸದ್ದೇ ಇಲ್ಲದೆ ಅಮ್ಮ ಬಂದಳು, ಬೈಕನ್ನು ತಳ್ಳಿಕೊಂಡು. ಮೊಣಕೈವರೆಗೂ ಕರಿ ಆಯಿಲ್ ಬಳಿದುಕೊಂಡಿತ್ತು. "ನೋಡು, ಹೊಸ ಗ್ಲೌಸು," ಅಂತ ಅಮ್ಮ ನಗಿಸಲು ನೋಡಿದಳು. ನಿಧಾನಿಗೆ ನಗು ಬರಲಿಲ್ಲ.

ಮೆಕ್ಯಾನಿಕ್ ಬಿರುಕಿಗೆ ತೇಪೆ ಹಾಕಿಕೊಟ್ಟ. "ಅಕ್ಕಾ, ಅದೇ ಜಾಗಕ್ಕೆ ಇನ್ನೊಂದು ಏಟು ಬಿದ್ರೆ ಇಂಜಿನ್ ಕತೆ ಮುಗೀತು. ಕೆಳಗೊಂದು ಪ್ಲೇಟ್ ಹಾಕಿಸಿಬಿಡಿ," ಅಂದ. ಆದರೆ ಅಷ್ಟು ಹಳೆಯ ಬೈಕಿಗೆ ಹೊಂದುವ ಪ್ಲೇಟು ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಸರಿ, ಮನೆಯಲ್ಲೇ ಮಾಡೋಣ ಎಂದಾಯಿತು. ಅಲ್ಲಿಯವರೆಗೆ ಅಮ್ಮನಿಗೆ ಊರೊಳಗಿನ ಆಸ್ಪತ್ರೆಯಲ್ಲೇ ಕೆಲಸ.

ಆಹಾ, ಆ ದಿನಗಳು!

ನಿಧಾನಿ ಸ್ಕೂಲಿನಿಂದ ಬರುವಾಗ ಅಮ್ಮ ಆಗಲೇ ಮನೆಯಲ್ಲಿರುತ್ತಿದ್ದಳು. ಹಿತ್ತಿಲಿನ ಬಿಸಿಲಿನಲ್ಲಿ ಇಬ್ಬರೂ ಕೂರುತ್ತಿದ್ದರು. ಅಮ್ಮ ಅವಳ ಜಡೆ ಬಿಚ್ಚಿ ಮತ್ತೆ ಹೆಣೆಯುತ್ತಿದ್ದಳು, ಯಾವ ಅವಸರವೂ ಇಲ್ಲದೆ. ಮಗ್ಗಿ ತಪ್ಪಿದರೆ ಜಡೆಯನ್ನು ಮೆಲ್ಲಗೆ ಎಳೆಯುತ್ತಿದ್ದಳು. ಬಿಸಿಲು ಗೋಡೆಯಿಂದ ಗೋಡೆಗೆ ಹೋಗುವವರೆಗೂ ಅವರು ಅಲ್ಲೇ. ನಿಧಾನಿ ಕಣ್ಣು ಮುಚ್ಚಿದರೆ ಆ ಹಿತ್ತಿಲು ಮೆಲ್ಲಗೆ ನೆಲ ಬಿಟ್ಟು ಮೇಲೇಳುತ್ತಿತ್ತು. ಒಗೆಯುವ ಕಲ್ಲು, ಬಕೆಟ್ಟು, ಅಮ್ಮ, ಅವಳು, ಎಲ್ಲರೂ ತೇಲುತ್ತ ತೇಲುತ್ತ ಮನೆಗಳ ಮಾಡಿನ ಮೇಲೆ ಹೋಗುತ್ತಿದ್ದರು.

ಇತ್ತ ಅಪ್ಪ ಫ್ರಿಜ್ಜಿನ ಹಳೆಯ ರಟ್ಟಿನ ಪೆಟ್ಟಿಗೆ ಕತ್ತರಿಸಿ ಪ್ಯಾಟರ್ನು ಮಾಡತೊಡಗಿದ. ಕತ್ತರಿಸುವುದು, ಗಾಡಿಯ ಅಡಿ ತೂರಿ ಹಿಡಿದು ನೋಡುವುದು, "ಇಲ್ಲಿ ಬಿಗಿ ಆಯ್ತು" ಅಂತ ಗೊಣಗುವುದು, ಚಾಕ್‌ನಿಂದ ಗೆರೆ ಎಳೆಯುವುದು, ಮತ್ತೆ ಕತ್ತರಿಸುವುದು. ಮುಂಭಾಗ ದೋಣಿಯ ಮೂತಿಯ ಹಾಗೆ ಮೇಲಕ್ಕೆ ಬಾಗಬೇಕು. ಎರಡು ಪಕ್ಕಗಳು ರೆಕ್ಕೆಯ ಹಾಗೆ ಸ್ವಲ್ಪ ಏಳಬೇಕು. ಸೈಲೆನ್ಸರ್ ಪೈಪಿಗೆ ಒಂದು ಕಡೆ ಜಾಗ ಬಿಡಬೇಕು. ಹಳೆ ಆಯಿಲ್ ಇಳಿಸುವ ಬೋಲ್ಟಿಗೆ ಸರಿಯಾಗಿ ಒಂದು ತೂತು ಬೇಕು. ಅಂಗಿಯ ಗುಂಡಿ ತೂರಿಸುವ ತೂತಿಗೆ ಹೇಳುವ ಹಾಗೆ ಅಪ್ಪ ಅದಕ್ಕೂ "ಕಾಜ" ಅಂತಲೇ ಹೇಳುತ್ತಿದ್ದ.

ಶುಕ್ರವಾರ ರಟ್ಟಿನ ಚಡ್ಡಿ ಮುಗಿಯಿತು. ಗಾಡಿಗೆ ಕಟ್ಟಿದರೆ ಒಂದು ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ.

"ನಾಳೆ ಚಿಕ್ಕಮ್ಮ ಶೀಟು ತರ್ತಾಳೆ," ಅಪ್ಪ ಕೈ ಉಜ್ಜಿಕೊಂಡ. "ನಾಳಿದ್ದು ಗಾಡಿ ರೆಡಿ."

"ಹಾಗಾದ್ರೆ ಸೋಮವಾರದಿಂದ ನಾನೂ ರೆಡಿ," ಅಂದಳು ಅಮ್ಮ.

ನಿಧಾನಿಯ ಬಾಯಲ್ಲಿದ್ದ ಬಾಳೆಹಣ್ಣು ಸಪ್ಪಗಾಯಿತು.

ಶನಿವಾರ ಬೆಳಿಗ್ಗೆ ಅಪ್ಪ ದಾರ ತರಲು ಹೋಗಿದ್ದ. ಅಮ್ಮ ಸ್ನಾನ ಮಾಡುತ್ತಿದ್ದಳು. ರಟ್ಟಿನ ಚಡ್ಡಿ ಹೊಲಿಗೆ ಮೆಶೀನಿನ ಪಕ್ಕ ಗೋಡೆಗೆ ಒರಗಿ ನಿಂತಿತ್ತು. ನಿಧಾನಿ ಏನೂ ಯೋಚಿಸಿರಲಿಲ್ಲ. ಕಾಲು ಅಲ್ಲಿಗೆ ಹೋಯಿತು, ಕೈ ಅದನ್ನು ಎತ್ತಿಕೊಂಡಿತು. ಮರುಕ್ಷಣ ಅದು ಅವಳ ಹಾಸಿಗೆಯ ಕೆಳಗಿತ್ತು. ಮೇಲೆ ಚಾದರ ಎಳೆದಳು. ಇಷ್ಟು ಬೇಗ ಅವಳು ಯಾವ ಕೆಲಸವನ್ನೂ ಮಾಡಿದ್ದಿಲ್ಲ.

ಮಧ್ಯಾಹ್ನ ಚಿಕ್ಕಮ್ಮ ಬಂದಳು. ಅಮ್ಮನ ತಂಗಿ. ರಸ್ತೆ ಬದಿಯ ದೊಡ್ಡ ದೊಡ್ಡ ಬೋರ್ಡುಗಳನ್ನು ಮಾಡುವ ವರ್ಕ್‌ಶಾಪಿನಲ್ಲಿ ಅವಳಿಗೆ ಕೆಲಸ. ಅವಳ ಮಾತು ಬಾಗಿಲು ದಾಟುವ ಮೊದಲೇ ಒಳಗೆ ಬಂದಿರುತ್ತಿತ್ತು.

"ಭಾವಾ, ಹಿಡ್ಕೊಳ್ಳಿ ನಿಮ್ಮ ಬಟ್ಟೆ! ಒಗೆದ್ರೆ ಕುಗ್ಗಲ್ಲ, ಬಣ್ಣ ಹೋಗಲ್ಲ!"

ದಪ್ಪನೆಯ ಅಲ್ಯೂಮಿನಿಯಂ ಶೀಟು. ದೊಡ್ಡ ಬೋರ್ಡು ಮಾಡಿ ಉಳಿದ ತುಂಡು. ಅಪ್ಪ ಬೆರಳಿನಿಂದ ಬಡಿದು ನೋಡಿ, "ಒಳ್ಳೆ ದಪ್ಪ ಇದೆ," ಅಂದ. ಆಮೇಲೆ ರಟ್ಟಿಗಾಗಿ ಗೋಡೆಯ ಕಡೆ ಕೈ ಚಾಚಿದ. ಕೈಗೆ ಗೋಡೆ ಮಾತ್ರ ಸಿಕ್ಕಿತು.

"ಎಲ್ಲೇ ಹೋಯ್ತು ಚಡ್ಡಿ?"

ಹುಡುಕಾಟ ಶುರುವಾಯಿತು. ಬಟ್ಟೆಯ ಗಂಟು ಬಿಚ್ಚಿದರು. ಮೇಜಿನ ಅಡಿ ಬಗ್ಗಿದರು. ಚಿಕ್ಕಮ್ಮ ಮೆಟ್ಟಿಲ ಮೇಲೆ ನಿಂತು, "ಯಾರಾದ್ರೂ ಚಡ್ಡಿ ನೋಡಿದ್ರಾ? ರಟ್ಟಿನ ಚಡ್ಡಿ!" ಎಂದು ಜೋರಾಗಿ ಕೂಗಿದಳು. ರಸ್ತೆಯಲ್ಲಿ ಹೋಗುತ್ತಿದ್ದವರೊಬ್ಬರು ಗಾಬರಿಯಾಗಿ ತಮ್ಮ ಪ್ಯಾಂಟನ್ನು ಮುಟ್ಟಿ ನೋಡಿಕೊಂಡರು. ಎಲ್ಲರೂ ನಕ್ಕರು. ನಿಧಾನಿಯೂ ನಕ್ಕಳು. ಆಮೇಲೆ ಮೆಲ್ಲಗೆ ಒಳಗೆ ಹೋಗಿ ತನ್ನ ಹಾಸಿಗೆಯ ಮೇಲೆ ಕೂತುಬಿಟ್ಟಳು.

"ರದ್ದಿಯವನು ಬಂದಿದ್ನಲ್ಲ, ಪೇಪರ್ ಜೊತೆ ಹಾಕ್ಕೊಂಡು ಹೋಗಿರಬೇಕು," ಅಪ್ಪ ತಲೆ ಕೆರೆದುಕೊಂಡ. "ಈ ವಾರ ಯೂನಿಫಾರ್ಮಿನ ರಾಶಿ ಬಿದ್ದಿದೆ. ಮತ್ತೆ ಅಳತೆ ತಗೋಬೇಕಂದ್ರೆ ಮುಂದಿನ ವಾರವೇ."

"ಇರಲಿ ಬಿಡಿ," ಅಂದಳು ಅಮ್ಮ. ಆದರೆ ಕಿಟಕಿಯಾಚೆ ಬೆಟ್ಟದ ಕಡೆಗೊಮ್ಮೆ ನೋಡಿದಳು.

ಇನ್ನೊಂದು ವಾರ! ನಿಧಾನಿಗೆ ಕುಣಿಯುವಷ್ಟು ಖುಷಿಯಾಗಬೇಕಿತ್ತು.

ಆ ವಾರವೆಲ್ಲ ಶೀಟು ಅಪ್ಪನ ಅಂಗಡಿಯ ಗೋಡೆಗೆ ಒರಗಿಕೊಂಡೇ ಇತ್ತು. ಅದರಲ್ಲಿ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಮಂಜಿನೊಳಗಿಂದ ಇಣುಕಿದ ಹಾಗೆ ಕಾಣುತ್ತಿತ್ತು. ತಿರುಗುವ ಫ್ಯಾನು ಅದರೊಳಗೆ ಮೀನಿನ ಹಾಗೆ ಸುತ್ತುತ್ತಿತ್ತು. ಮಧ್ಯಾಹ್ನದ ಬೆಳಕು ಬಿದ್ದಾಗ ಗೋಡೆಯಲ್ಲೊಂದು ಕೆರೆ ನಿಂತಿದೆ ಅನ್ನಿಸುತ್ತಿತ್ತು. ಕೈ ಹಾಕಿದರೆ ಒದ್ದೆಯಾದೀತು ಎಂದು ನಿಧಾನಿ ಬೆರಳು ತಾಗಿಸಿ ನೋಡಿದಳು. ತಣ್ಣಗಿತ್ತು, ಅಷ್ಟೇ.

ಹಿತ್ತಿಲಿನಲ್ಲಿ ಅಮ್ಮ ಜಡೆ ಹೆಣೆಯುತ್ತಲೇ ಇದ್ದಳು. ಆದರೆ ಈಗ ನಿಧಾನಿ ಕಣ್ಣು ಮುಚ್ಚಿದರೂ ಹಿತ್ತಿಲು ನೆಲ ಬಿಟ್ಟು ಏಳುತ್ತಿರಲಿಲ್ಲ. ಒಗೆಯುವ ಕಲ್ಲು ಗಟ್ಟಿಯಾಗಿ ಕೂತುಬಿಟ್ಟಿತ್ತು. ಮಲಗಿ ಮಗ್ಗುಲು ತಿರುಗಿದರೆ ಹಾಸಿಗೆಯ ಅಡಿಯಿಂದ ರಟ್ಟು ಕರಕರ ಅನ್ನುತ್ತಿತ್ತು. ಅವಳು ಆದಷ್ಟು ಅಲ್ಲಾಡದೆ ಮಲಗಲು ಕಲಿತಳು.

ಮತ್ತೆ ಶನಿವಾರ ಬಂತು. ಮಧ್ಯಾಹ್ನದ ಊಟದ ಹೊತ್ತಿಗೆ ಅಮ್ಮನ ಫೋನ್ ಹೊಡೆದುಕೊಂಡಿತು.

ಅಮ್ಮ ಬಹಳ ಹೊತ್ತು ಕೇಳಿಸಿಕೊಂಡಳು. "ಹೌದಾ... ಊತ ಇದೆಯಾ? ಜ್ವರ?... ಕಟ್ಟು ಯಾರೂ ಬದಲಾಯಿಸಿಲ್ವಾ?... ಸರಿ. ನೀವು ಏನೂ ಹಚ್ಚಬೇಡಿ. ನಾಳೆ ಬೆಳಿಗ್ಗೆ ಬರ್ತೀನಿ."

ಫೋನ್ ಇಟ್ಟು, ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಅಮ್ಮ ಎದ್ದಳು. ಔಷಧಿಯ ಬ್ಯಾಗು ಇಳಿಸಿ, ಹತ್ತಿ, ಬ್ಯಾಂಡೇಜು, ಸಣ್ಣ ಕತ್ತರಿ ಎಲ್ಲ ಜೋಡಿಸತೊಡಗಿದಳು.

"ಯಾರಂತೆ?" ಅಪ್ಪ ಕೇಳಿದ.

"ಮೇಲಿನ ಊರಿನ ತಾತ. ಕಾಲಿನ ಗಾಯ ಮಾಗ್ತಾ ಬಂದಿತ್ತು. ಈಗ ಮತ್ತೆ ಕೆಟ್ಟಿದೆಯಂತೆ."

"ಬೇರೆ ನರ್ಸ್ ಇಲ್ವಾ?" ನಿಧಾನಿಯ ಬಾಯಿಂದ ಬಂದುಬಿಟ್ಟಿತು.

"ಇದ್ದಾರೆ ಪುಟ್ಟ. ಆ ದಾರೀಲಿ ಗಾಡಿ ಓಡಿಸೋಕೆ ಅವರಿಗೆ ಬರಲ್ಲ."

"ಪ್ಲೇಟ್ ಇಲ್ದೆ ಹೇಗೆ ಹೋಗ್ತೀಯ?" ಅಪ್ಪನ ದನಿಯಲ್ಲಿ ತಮಾಷೆ ಇರಲಿಲ್ಲ.

"ಕಲ್ಲು ನೋಡ್ಕೊಂಡು ಹೋಗ್ತೀನಿ. ತೇಪೆ ತಡೆದ್ರೆ ತಡೀತು. ಇಲ್ಲದಿದ್ರೆ ತಳ್ಕೊಂಡು ಬರೋದು ಇದ್ದೇ ಇದೆ."

ಅಮ್ಮ ಬ್ಯಾಗಿನ ಜಿಪ್ ಎಳೆದಳು. ಅದು ಮಧ್ಯದಲ್ಲಿ ಸಿಕ್ಕಿಕೊಂಡಿತು. ಅಮ್ಮ ಅದನ್ನು ಮೆಲ್ಲಗೆ ಹಿಂದಕ್ಕೆ ಎಳೆದು, ಮತ್ತೆ ಮುಂದಕ್ಕೆ ತಂದಳು. ನಿಧಾನಿ ಅದನ್ನೇ ನೋಡುತ್ತಿದ್ದಳು.

ಅಂದರೆ ಅಮ್ಮ ಹೋಗಿಯೇ ಹೋಗುತ್ತಾಳೆ. ಪ್ಲೇಟು ಇದ್ದರೂ ಹೋಗುತ್ತಾಳೆ, ಇಲ್ಲದಿದ್ದರೂ ಹೋಗುತ್ತಾಳೆ.

ಕಿಟಕಿಯ ಕಂಬಿ, ಬೀದಿದೀಪ, ಮೊಣಕೈವರೆಗಿನ ಕರಿ ಆಯಿಲ್ ಎಲ್ಲ ಒಟ್ಟಿಗೆ ಅವಳ ಕಣ್ಣ ಮುಂದೆ ಬಂದವು. ಅವಳು ಎದ್ದು ಒಳಗೆ ಓಡಿದಳು. ವಾಪಸ್ ಬಂದಾಗ ಅವಳ ಎರಡೂ ಕೈಯಲ್ಲಿ ರಟ್ಟಿತ್ತು. ಒಂದು ವಾರ ಅದರ ಮೇಲೆ ಮಲಗಿದ್ದಳಲ್ಲ, ರೆಕ್ಕೆಗಳು ಚಪ್ಪಟೆಯಾಗಿದ್ದವು.

ಅವಳು ಅದನ್ನು ಅಪ್ಪನ ಮುಂದೆ ಇಟ್ಟಳು.

"ರದ್ದಿಯವನು ತಗೊಂಡು ಹೋಗಿರಲಿಲ್ಲ," ನಿಧಾನಿ ಹೇಳಿದಳು.

ಅಪ್ಪ ಬಾಯಿ ತೆರೆದ. ಅಮ್ಮ ಕೈ ಎತ್ತಿ ತಡೆದಳು. ಬಂದು, ನಿಧಾನಿಯ ಮುಂದೆ ಮೊಣಕಾಲೂರಿ ಕೂತಳು.

"ನನ್ನ ಮೇಲೆ ಕೋಪಾನಾ?"

"ಇಲ್ಲ."

"ಮತ್ತೆ?"

"ನೀನು ಮನೇಲಿದ್ರೆ ಚೆನ್ನಾಗಿರುತ್ತೆ."

ಅಮ್ಮ ಅವಳ ಜಡೆಯನ್ನು ಹೆಗಲ ಮೇಲೆ ಸರಿಸಿದಳು. ಆಮೇಲೆ, "ನನಗೂ," ಅಂದಳು. "ನನಗೂ ಹಾಗೇ ಅನ್ಸುತ್ತೆ ಕಣೇ."

ಅಷ್ಟೇ. ಬೈಗುಳ ಬರಲಿಲ್ಲ. ಬಂದಿದ್ದರೆ ಸುಲಭವಾಗುತ್ತಿತ್ತು ಅನ್ನಿಸಿತು ನಿಧಾನಿಗೆ.

ಅಪ್ಪ ರಟ್ಟನ್ನು ತೆಗೆದುಕೊಂಡು ಆ ಕಡೆ ಈ ಕಡೆ ತಿರುಗಿಸಿ ನೋಡಿದ. "ಸುಕ್ಕಾಗಿದೆ," ಅಂದ. "ಇಸ್ತ್ರಿ ಹಾಕಬೇಕು." ಆಮೇಲೆ ಗಡಿಯಾರ ನೋಡಿ ಫೋನ್ ಕೈಗೆತ್ತಿಕೊಂಡ. "ಹಲೋ, ಏನಮ್ಮಾ, ಚಡ್ಡಿ ಸಿಕ್ತು! ಎಲ್ಲಿ ಅಂತ ಆಮೇಲೆ ಹೇಳ್ತೀನಿ. ನಿನ್ನ ಮೆಶೀನುಗಳನ್ನೆಲ್ಲ ಹೊತ್ಕೊಂಡು ಈಗಲೇ ಬಾ."

ಚಿಕ್ಕಮ್ಮ ಬಂದಾಗ ಹಿತ್ತಿಲಿನಲ್ಲಿ ಕೆಲಸದ ಮೇಜು ಹಾಕಿ ಆಗಿತ್ತು. ರಟ್ಟನ್ನು ಶೀಟಿನ ಮೇಲಿಟ್ಟು ಅಪ್ಪ ಮಾರ್ಕರಿನಿಂದ ಗೆರೆ ಎಳೆದ. ಚಿಕ್ಕಮ್ಮ ಕಟಿಂಗ್ ಮೆಶೀನು ಹಿಡಿದಳು. ಘರ್ರ್ ಎಂದು ಅದು ಗೆರೆಯ ಮೇಲೆ ನಡೆಯಿತು. ಬೆಳ್ಳಿಯ ಪುಡಿ ಹಿತ್ತಿಲ ತುಂಬ ಹಾರಿ, ಇಳಿಬಿಸಿಲಿನಲ್ಲಿ ಹೊಳೆಯುತ್ತ ಕೆಳಗಿಳಿಯಿತು. ಅಮ್ಮನ ಕೂದಲ ಮೇಲೂ ಸ್ವಲ್ಪ ಕೂತಿತು. ನಿಧಾನಿ ಅರವನ್ನು ಹಿಡಿದು ಅಂಚು ಉಜ್ಜಿದಳು. ಒಂದೇ ಕಡೆಗೆ, ಮೆಲ್ಲಗೆ, ಬೆರಳಿಗೆ ಚುಚ್ಚದಷ್ಟು ನುಣುಪಾಗುವವರೆಗೆ.

"ಈಗ ಮಡಿಸೋಣ," ಅಪ್ಪ ತೋಳು ಮಡಿಸಿದ.

"ಭಾವಾ, ಸ್ವಲ್ಪ ತಡೀರಿ! ಇದು ಕಾಟನ್ನಲ್ಲ. ಹಾಗೇ ಬಗ್ಗಿಸಿದ್ರೆ ಮೂಲೇಲಿ ಬಿರುಕು ಬಿಡುತ್ತೆ. ಮೊದಲು ಕಾಯಿಸಬೇಕು." ಚಿಕ್ಕಮ್ಮ ಬಟ್ಟೆ ಸೋಪಿನ ಬಿಲ್ಲೆ ತಂದು, ಮಡಿಸಬೇಕಾದ ಗೆರೆಯುದ್ದಕ್ಕೂ ತಿಕ್ಕಿದಳು. ಶೀಟಿನ ಮೇಲೆ ಬಿಳಿ ಪಟ್ಟಿ ಮೂಡಿತು.

"ಗಾಡಿ ಚಡ್ಡಿಗೆ ಸೋಪು ಬೇರೆ!"

"ನಗಬೇಡಿ. ಅಲ್ಯೂಮಿನಿಯಂ ಮಹಾ ಕಳ್ಳ. ಕಬ್ಬಿಣ ಕಾದ್ರೆ ಕೆಂಪಾಗಿ ಹೇಳುತ್ತೆ. ಇದು ಹೇಳೋದೇ ಇಲ್ಲ. ಬೆಳ್ಳಗೆ ನಗ್ತಾ ಇದ್ದು, ಇದ್ದಕ್ಕಿದ್ದಂತೆ ಕರಗಿ ತೊಪ್ಪನೆ ಬಿದ್ದುಬಿಡುತ್ತೆ. ಅದಕ್ಕೇ ಸೋಪು. ಸೋಪು ಕಂದು ಬಣ್ಣಕ್ಕೆ ತಿರುಗಿದ್ರೆ ಹದ ಬಂತು ಅಂತ. ಅದು ದಾಟಿದ್ರೆ ಶೀಟು ಹೋಯ್ತು. ನಾನು ಬೆಂಕಿ ಆಡಿಸ್ತಿರ್ತೀನಿ, ಕರಿ ಕನ್ನಡಕದಲ್ಲಿ ನನಗೆ ಬಣ್ಣ ಗೊತ್ತಾಗಲ್ಲ. ಯಾರಾದ್ರೂ ಕಣ್ಣಿಟ್ಟು ನೋಡಿ, ಹೇಳ್ಬೇಕು."

"ನಾನು ನೋಡ್ತೀನಿ," ಅಂದಳು ನಿಧಾನಿ.

ಅಪ್ಪನಿಗೆ ಅನುಮಾನ. "ನೀನಾ? ಬೇರೆ ಶೀಟಿಲ್ಲ ಮಗಳೇ. ನಡುವೆ ಎಲ್ಲಾದ್ರೂ ಹೊರಟುಹೋದ್ರೆ..."

ಅಪ್ಪ ಅಮ್ಮನ ಮುಖ ನೋಡಿದ. ನಿಧಾನಿಯೂ ನೋಡಿದಳು.

"ಅವಳೇ ನೋಡಲಿ," ಅಂದಳು ಅಮ್ಮ.

ಗ್ಯಾಸ್ ಟಾರ್ಚು ಬುಸ್ ಎಂದಿತು. ನೀಲಿ ಜ್ವಾಲೆ ಬಿಳಿ ಪಟ್ಟಿಯ ಮೇಲೆ ಹಿಂದೆ ಮುಂದೆ ಓಡಾಡತೊಡಗಿತು. ನಿಧಾನಿ ಎರಡು ಹೆಜ್ಜೆ ದೂರದಲ್ಲಿ, ಕೈ ಹಿಂದೆ ಕಟ್ಟಿಕೊಂಡು ನಿಂತಳು. ಮೊದಲು ಏನೂ ಆಗಲಿಲ್ಲ. ಸೋಪು ಬೆಳ್ಳಗೇ ಇತ್ತು, ಮೋಡದ ಹಾಗೆ. ಆ ಮೋಡದೊಳಗೆ ಒಂದು ದಾರಿ, ದಾರಿಯಲ್ಲಿ... ಇಲ್ಲ. ಅವಳು ವಾಪಸ್ ಬಂದಳು, ಯಾರೂ ಕರೆಯದೆಯೇ.

ಸೋಪು ಸಣ್ಣಗೆ ಗುಳ್ಳೆ ಬಿಟ್ಟಿತು. ಅಂಚಿನಲ್ಲಿ ಹಾಲಿನ ಕೆನೆಯ ಬಣ್ಣ ಬಂತು. ಅದು ಮಧ್ಯಕ್ಕೆ ಹರಡಿತು. ಆಮೇಲೆ ಟೀಯ ಬಣ್ಣ. ನಿಧಾನಿಗೆ ಹಿತ್ತಿಲೂ ಕಾಣುತ್ತಿರಲಿಲ್ಲ, ಟಾರ್ಚಿನ ಸದ್ದೂ ಕೇಳುತ್ತಿರಲಿಲ್ಲ. ಲೋಕದಲ್ಲಿ ಒಂದು ಪಟ್ಟಿ ಮಾತ್ರ ಇತ್ತು. ಅದರೊಳಗೆ ಬಣ್ಣ ಬದಲಾಗುತ್ತಿತ್ತು, ಸಂಜೆ ಕತ್ತಲೆಗೆ ತಿರುಗುವಷ್ಟು ಮೆಲ್ಲಗೆ. ಒಣಗಿದ ಎಲೆಯ ಬಣ್ಣ. ಇನ್ನೂ ಸ್ವಲ್ಪ. ಆ ತುದಿಯಲ್ಲಿ ಇನ್ನೂ ಟೀ ಬಣ್ಣವೇ ಇದೆ.

"ಆ ತುದಿಗೆ, ಚಿಕ್ಕಮ್ಮ... ಇನ್ನೂ ಸ್ವಲ್ಪ... ಈಗ! ಸಾಕು!"

ಟಾರ್ಚು ಆರಿತು. ಪಟ್ಟಿ ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮನೆ ಕಂದು ಬಣ್ಣಕ್ಕೆ ತಿರುಗಿತ್ತು.

ಚಿಕ್ಕಮ್ಮ ಕರಿ ಕನ್ನಡಕ ಹಣೆಗೇರಿಸಿ ನೋಡಿ, ಶಿಳ್ಳೆ ಹೊಡೆದಳು.

ಮೂರೂ ಗೆರೆಗಳಿಗೆ ನಿಧಾನಿಯದೇ ಕಣ್ಣು. ಶೀಟು ಆರಿದ ಮೇಲೆ ಮೇಜಿನ ಅಂಚಿಗೆ ಬಿಗಿದು, ಗೆರೆಯ ಕೆಳಗೆ ಒಂದು ದುಂಡನೆಯ ಪೈಪು ಇಟ್ಟು, ಅಪ್ಪ ಮರದ ಸುತ್ತಿಗೆಯಿಂದ ಹದವಾಗಿ ಬಡಿದ. "ಕಾಲರ್ ತಿರುಗಿಸಿದ ಹಾಗೆ ಬರ್ತಿದೆ!" ಅಂತ ಅವನಿಗೇ ಆಶ್ಚರ್ಯ. ಮೂತಿ ಎದ್ದಿತು, ರೆಕ್ಕೆಗಳು ಎದ್ದವು. ಎಲ್ಲೂ ಬಿರುಕಿಲ್ಲ. ಚಿಕ್ಕಮ್ಮ ಡ್ರಿಲ್ಲಿನಿಂದ ತೂತು ಕೊರೆದಳು. ಗಾಳಿ ಹೋಗಲು ಮುಂದೆ ಒಂದಷ್ಟು, ಕೆಸರು ನೀರು ಇಳಿಯಲು ಕೆಳಗೆ ಒಂದಷ್ಟು. ಗಾಡಿಯ ಫ್ರೇಮಿನ ಪೈಪುಗಳಿಗೆ ರಬ್ಬರ್ ಸುತ್ತಿ ಕ್ಲ್ಯಾಂಪು ಹಾಕಿದರು. ಮೂರು ಬೋಲ್ಟು ಸಲೀಸಾಗಿ ಕೂತವು. ನಾಲ್ಕನೆಯದು ಹಟ ಹಿಡಿಯಿತು.

"ಈ ಕಾಜ ಓರೆ ಆಗಿದೆ," ಅಪ್ಪ ಒಪ್ಪಿಕೊಂಡ.

"ನಲವತ್ತು ವರ್ಷದ ಟೈಲರು!" ಚಿಕ್ಕಮ್ಮ ಬಿಡಲಿಲ್ಲ.

"ನನಗೆ ಇನ್ನೂ ನಲವತ್ತೇ ಆಗಿಲ್ವಲ್ಲೇ! ಹುಟ್ಟಿದ ದಿನದಿಂದ ಹೊಲೀತಿದ್ನಾ?"

ಅರ ಹಾಕಿ ತೂತನ್ನು ಉದ್ದ ಮಾಡಿದ ಮೇಲೆ ನಾಲ್ಕನೆಯ ಬೋಲ್ಟೂ ಕೂತಿತು. ಅಮ್ಮ ಸ್ಪ್ಯಾನರಿನಿಂದ ತಾನೇ ಕೊನೆಯ ಸುತ್ತು ಬಿಗಿದಳು. ಆಮೇಲೆ ನಿಧಾನಿಯ ಕಡೆ ತಿರುಗಿದಳು.

"ನಾಳೆ ಭಾನುವಾರ. ಬರ್ತೀಯಾ ನನ್ನ ಜೊತೆ?"

ನಿಧಾನಿ ಉತ್ತರ ಕೊಡಲು ಒಂದು ಕ್ಷಣವೂ ತೆಗೆದುಕೊಳ್ಳಲಿಲ್ಲ.

ಬೆಳಿಗ್ಗೆ ಊರು ಇನ್ನೂ ಮುಸುಕು ತೆಗೆದಿರಲಿಲ್ಲ. ನಿಧಾನಿ ಔಷಧಿಯ ಬ್ಯಾಗನ್ನು ಬೆನ್ನಿಗೆ ಹಾಕಿಕೊಂಡು, ದೊಡ್ಡ ಹೆಲ್ಮೆಟ್ಟಿನೊಳಗೆ ಪುಟ್ಟ ತಲೆ ತೂರಿಸಿ, ಅಮ್ಮನ ಸೊಂಟ ತಬ್ಬಿ ಕೂತಳು. ಮನೆಗಳು ಮುಗಿದವು. ಡಾಂಬರು ಮುಗಿಯಿತು. ಮಂಜಿನಲ್ಲಿ ದಾರಿ ಹತ್ತು ಮಾರಿಗಿಂತ ಮುಂದೆ ಇರಲೇ ಇಲ್ಲ. ಗಾಡಿ ಮುಂದೆ ಹೋದ ಹಾಗೆ ಯಾರೋ ಸುರುಳಿ ಬಿಚ್ಚಿ ಹಾಸುತ್ತಿರುವಂತೆ ಅದು ಬರುತ್ತಿತ್ತು. ಬಂಡೆಗಳು ಮೆಲ್ಲಗೆ ಎದುರಾಗಿ, ಮೆಲ್ಲಗೆ ಹಿಂದೆ ಸರಿಯುತ್ತಿದ್ದವು.

ಆಮೇಲೆ ಕಲ್ಲಿನ ದಾರಿ ಶುರುವಾಯಿತು. ಗಾಡಿ ಜಿಗಿಯಿತು, ವಾಲಿತು, ಮತ್ತೆ ನೆಟ್ಟಗಾಯಿತು. ಇದ್ದಕ್ಕಿದ್ದಂತೆ ಕೆಳಗಿನಿಂದ, "ಠಣ್!"

ನಿಧಾನಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ಅಮ್ಮನ ಬೆನ್ನು ಸಹ ಒಂದು ಕ್ಷಣ ಬಿಗಿಯಾಯಿತು. ಗಾಡಿ ನಿಲ್ಲಲಿಲ್ಲ. ಇಂಜಿನ್ ಅದೇ ದನಿಯಲ್ಲಿ ಹಾಡುತ್ತಲೇ ಇತ್ತು. ಅಮ್ಮನ ಬೆನ್ನು ಸಡಿಲಾದದ್ದು ನಿಧಾನಿಯ ಕೆನ್ನೆಗೆ ಗೊತ್ತಾಯಿತು.

ಮೇಲಿನ ಊರು ಅಂದರೆ ಕೈಬೆರಳಲ್ಲಿ ಎಣಿಸುವಷ್ಟು ಮನೆಗಳು. ಮೊದಲನೆಯ ಮನೆಯ ಮುಂದೆ ಒಂದು ಗಿಡ್ಡ ಕಲ್ಲುಗೋಡೆ. ಗಾಡಿ ನಿಲ್ಲಿಸುವ ಮೊದಲೇ ಒಳಗಿನಿಂದ ಯಾರೋ, "ಬಂದ್ರು, ಬಂದ್ರು!" ಅಂದರು. ಅಮ್ಮ ಬ್ಯಾಗು ತೆಗೆದುಕೊಂಡು ಒಳಗೆ ಹೋದಳು. ಬಾಗಿಲಿನಿಂದ ತಾತನ ಕಾಲು ಕಂಡಿತು. ಕಟ್ಟು ಬಿಚ್ಚುವಾಗ ಅಮ್ಮ ತಾತನ ಜೊತೆ ಮಾತಾಡುತ್ತಲೇ ಇದ್ದಳು. ಅವಸರವಿಲ್ಲದ, ಮೆತ್ತಗಿನ ಮಾತು. ಅದು ಹಿತ್ತಿಲಿನ ಬಿಸಿಲಿನಲ್ಲಿ ಕೇಳುತ್ತಿದ್ದ ದನಿಯೇ ಎಂದು ನಿಧಾನಿಗೆ ಗೊತ್ತಾಯಿತು.

ಅವಳು ಹೋಗಿ ಕಲ್ಲುಗೋಡೆಯ ಮೇಲೆ ಕೂತಳು. ಒಬ್ಬ ಚಿಕ್ಕ ಹುಡುಗಿ, ಇನ್ನೂ ಹಾಲುಹಲ್ಲು ಬೀಳುವ ವಯಸ್ಸು, ದೂರದಲ್ಲಿ ನಿಂತು ಅವಳನ್ನು ನೋಡುತ್ತಿದ್ದಳು.

"ಅದು ನಮ್ಮ ತಾತನ ಜಾಗ," ಅಂದಳು.

ನಿಧಾನಿ ಗಡಬಡಿಸಿ ಏಳಲು ಹೋದಳು.

"ಕೂತ್ಕೋ, ಪರವಾಗಿಲ್ಲ. ತಾತನಿಗೆ ಈಗ ಇಲ್ಲೀತನಕ ಬರೋಕಾಗಲ್ಲ. ಮೊದಲು ದಿನಾ ಕೂರ್ತಿದ್ರು." ಹುಡುಗಿ ಹತ್ತಿರ ಬಂದಳು. "ಗಾಡಿ ಸದ್ದು ಬಂತಾ ಕೇಳು, ನಿನ್ನ ಕಿವಿ ಚುರುಕು, ಅಂತ ನನಗೆ ಹೇಳ್ತಾರೆ. ನಾನು ಕೇಳ್ತೀನಿ. ಎಷ್ಟೊಂದು ದಿನದಿಂದ ಬರೀ ಗಾಳಿ ಸದ್ದೇ ಬರ್ತಿತ್ತು."

ಮಂಜು ಕರಗಿತ್ತು. ಗೋಡೆಯ ಮೇಲೆ ಕೂತರೆ ಇಡೀ ದಾರಿ ಕಾಣುತ್ತಿತ್ತು, ಬೆಟ್ಟದ ಮೈಮೇಲೆ ಯಾರೋ ದಾರ ಬೀಳಿಸಿ ಮರೆತುಹೋದ ಹಾಗೆ. ದಾರದ ಆ ತುದಿಯಲ್ಲಿ, ಬಹಳ ಕೆಳಗೆ, ಒಂದು ಹಿಡಿ ಮನೆಗಳು. ಅವುಗಳಲ್ಲಿ ತಮ್ಮ ಮನೆ ಯಾವುದು ಎಂದು ನಿಧಾನಿ ಹುಡುಕಿದಳು. ಗೊತ್ತಾಗಲಿಲ್ಲ. ಅವಳು ಕಣ್ಣು ಮುಚ್ಚಿ ಕಿವಿಗೊಟ್ಟು ನೋಡಿದಳು. 

ಗಾಳಿ ಮಾತ್ರ ಬೀಸುತ್ತಿತ್ತು.

ಅಮ್ಮ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. "ಕಟ್ಟಿ ಆಯ್ತು. ಜ್ವರಕ್ಕೆ ಮಾತ್ರೆಯೂ ಕೊಟ್ಟೆ. ತಾತ, 'ಇನ್ನೂ ಸ್ವಲ್ಪ ಕೂತ್ಕೊಳ್ಳಿ, ಮಾತಾಡೋಣ' ಅಂತಾರೆ. ಅಪ್ಪ ಊಟಕ್ಕೆ ಕಾಯ್ತಿರ್ತಾನೆ. ಹೊರಡೋಣ್ವಾ?"

ನಿಧಾನಿ ಗೋಡೆಯ ಮೇಲೆ ಒಂದಿಷ್ಟು ಪಕ್ಕಕ್ಕೆ ಸರಿದಳು. ಚಿಕ್ಕ ಹುಡುಗಿ ಹತ್ತಿ ಅವಳ ಪಕ್ಕ ಕೂತಳು.

"ಬೇಡಮ್ಮ," ಅಂದಳು ನಿಧಾನಿ. "ನೀನು ಇನ್ನೂ ಸ್ವಲ್ಪ ಹೊತ್ತು ಒಳಗಿರು."